ಕುಳಿತುಕೊಳ್ಳಲೆಂದೇ ಕಟ್ಟಿದ ಮಂಟಪ

ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿರುವ ನಮ್ಮಂಥವರಿಗೆ ಇಟಗಿ ಎಂದರೆ ಒಂದು ಅಂಕದ ಪ್ರಶ್ನೆ. ‘ದೇವಾಲಯಗಳ ಚಕ್ರವರ್ತಿ’ ಯಾವುದು? ಇಟಗಿಯ ಮಹಾದೇವ ದೇವಾಲಯ. ಕಟ್ಟಿಸಿದವರು ಯಾರು? ಕಲ್ಯಾಣ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಇಸವಿ? 1112. ಅಲ್ಲಿಗೆ ಮುಗಿಯಿತು, ಮುಂದಿನ ಪ್ರಶ್ನೆ.

ಊರು ದೂರವೇನಿಲ್ಲ. ಗದಗ–ಕೊಪ್ಪಳ ರೈಲಿನಲ್ಲಿ ಬನ್ನಿಕೊಪ್ಪದಲ್ಲಿ ಇಳಿದರೆ ಹತ್ತಿರ, ಕುಕನೂರಿನಿಂದಲೂ ಹತ್ತಿರ. ಹೋದವರೆಲ್ಲ ಶಿಖರದ ಫೋಟೊ ತೆಗೆದು, ಪುಷ್ಕರಣಿಯ ಮೆಟ್ಟಿಲ ಮೇಲೊಂದು ರೀಲ್ಸ್ ಮಾಡಿ ಬರುತ್ತಾರೆ. ಶಿಖರ ಚೆಂದವೇ, ತಕರಾರಿಲ್ಲ. ಆದರೆ ಗುಡಿಯ ಮುಂದಿನ ತೆರೆದ ಮಂಟಪದಲ್ಲಿ ಒಂದು ತಾಸು ಸುಮ್ಮನೆ ಕುಳಿತು ನೋಡಿ. ನನಗೆ ಇಡೀ ಕಟ್ಟಡದಲ್ಲಿ ಅತಿ ಜಾಣತನದ ಭಾಗ ಅದೇ ಅನಿಸುತ್ತದೆ.

ಪೂರ್ವಕ್ಕೆ ಮುಖ ಮಾಡಿದ ಈ ಮಂಟಪಕ್ಕೆ ಮೂರು ಕಡೆ ಗೋಡೆಯೇ ಇಲ್ಲ. ಗೋಡೆಯ ಜಾಗದಲ್ಲಿ ಅಂಚಿನುದ್ದಕ್ಕೂ ಕಲ್ಲಿನ ಜಗಲಿ. ಅದರ ಹಿಂದೆ ಹೊರಕ್ಕೆ ತುಸು ವಾಲಿದ ಒರಗು ಕಲ್ಲು. ಪುಸ್ತಕಗಳಲ್ಲಿ ಇದಕ್ಕೆ ಕಕ್ಷಾಸನ ಎನ್ನುತ್ತಾರೆ. ಬೆನ್ನು ಒರಗಿಸಿದರೆ ಆ ವಾಲು ಯಾಕೆಂದು ತಾನೇ ಗೊತ್ತಾಗುತ್ತದೆ. ನೇರ ಇದ್ದಿದ್ದರೆ ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತಿತ್ತು. ಜಗಲಿಯ ಮೇಲೆ ಗಿಡ್ಡ ಕಂಬಗಳು, ನಡುವೆ ಎತ್ತರದ ಕಂಬಗಳು. ಮೊದಲಿಗೆ ಒಟ್ಟು 68 ಕಂಬಗಳಿದ್ದವೆಂದು ಲೆಕ್ಕ. ಮೇಲೆ ಹೊರಚಾಚಿದ ಇಳಿಜಾರು ಸೂರು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಿರುವವರಿಗೆ ಈ ಸೂರಿನ ಬೆಲೆ ಹೇಳಬೇಕಾಗಿಲ್ಲ. ಬಿಸಿಲು ಹೊರಗೆ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ.

ಕಂಬಗಳ ಮೇಲೊಮ್ಮೆ ಕೈಯಾಡಿಸಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಳಪದ ಕಲ್ಲು ಬಂತು. ಇದು ಮೆದು, ಹಿಡಿ ಉಳಿಗೂ ಬಗ್ಗುತ್ತದೆ. ಹೀಗಾಗಿ ಬಡಗಿ ತೊಟ್ಟಿಲ ಕಾಲು ಕಡೆದಂತೆ ಕಂಬವನ್ನು ತಿರುಗಿಸುತ್ತ ಕಡೆಯಲು ಸಾಧ್ಯವಾಯಿತು. ಗಂಟೆಯಂಥ ಉಬ್ಬು, ಬಳೆ ತೊಡಿಸಿದಂಥ ಗೆರೆ, ಕನ್ನಡಿಯಂಥ ನುಣುಪು ಎಲ್ಲ ಬಂದದ್ದು ಹಾಗೆ. ಈ ತಿರುಗಣೆ ಕಂಬದ ಕಲೆ ಮುಂದೆ ಹೊಯ್ಸಳರ ಗುಡಿಗಳಲ್ಲೂ ಮುಂದುವರಿಯಿತು.

ದೇವರ ದರ್ಶನಕ್ಕೆ ಬಂದವರು ನಿಂತು ಕೈಮುಗಿದು ಹೋಗುತ್ತಾರೆ. ಹಾಗಾದರೆ ಇಷ್ಟು ಜನ ಕೂಡುವಷ್ಟು ಜಗಲಿ ಯಾರಿಗಾಗಿ? ನಮ್ಮ ಹಿರಿಯರು ಗುಡಿಯ ಈ ಭಾಗವನ್ನು ಸಭಾಮಂಟಪ ಎಂದೇ ಕರೆದದ್ದು ಸುಮ್ಮನೆ ಅಲ್ಲ. ಹಾಡು, ಕುಣಿತ, ಪುರಾಣದ ಜೊತೆಗೆ ಊರಿನ ಮಾತೂ ಗುಡಿಯಲ್ಲೇ ನಡೆಯುತ್ತಿತ್ತು. ಪಕ್ಕದ ಗದಗ ಜಿಲ್ಲೆಯ ಲಕ್ಕುಂಡಿಯಂಥ ಅಗ್ರಹಾರಗಳಲ್ಲಿ ‘ಸಾವಿರ ಮಹಾಜನರು’ ಊರಿನ ಆಡಳಿತ ನೋಡುತ್ತಿದ್ದರು. ದತ್ತಿ ಕೊಟ್ಟ ಭೂಮಿ, ಅದರ ಎಲ್ಲೆ, ತೆರಿಗೆ ಎಲ್ಲವನ್ನೂ ಕಲ್ಲಿನಲ್ಲಿ ಬರೆಸಿ ಗುಡಿಯ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಇಂದಿನ ಪಂಚಾಯಿತಿಯ ಠರಾವು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಆ ಠರಾವಿಗೆ ಬೀಗ ಹಾಕಲು ಬರುತ್ತಿರಲಿಲ್ಲ.

ಹಾಗಂತ ಅದನ್ನು ಪ್ರಜಾಪ್ರಭುತ್ವ ಎಂದು ಉಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಅಗ್ರಹಾರದ ಮಹಾಜನರೆಂದರೆ ಭೂಮಿಯಿದ್ದ ಬ್ರಾಹ್ಮಣರು. ಕಂಬ ಕಡೆದವನ, ಕಲ್ಲು ಹೊತ್ತವಳ ಮಕ್ಕಳಿಗೆ ಅಂಥ ಸಭೆಯಲ್ಲಿ ಜಗಲಿಯ ಪಾಲು ಇರಲಿಲ್ಲ. ಗೋಡೆ ಇಲ್ಲದ ಮಂಟಪಕ್ಕೂ ಕಾಣದ ಬೇಲಿ ಇತ್ತು.

ಆಮೇಲಿನ ಶತಮಾನಗಳಲ್ಲಿ ಆ ಬೇಲಿ ಕಣ್ಣಿಗೇ ಕಾಣುವಂತಾಯಿತು. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ನಿಜಾಮನ ಕೈಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಕುಷ್ಟಗಿ, ಗಂಗಾವತಿ ರಾಯಚೂರು ಜಿಲ್ಲೆಗೆ ಸೇರಿದ್ದವು. ಆಗ ಊರಿನ ಸಭೆ ಎಂದರೆ ಚಾವಡಿ. ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಕೂರುವ ಎತ್ತರದ ಕಟ್ಟೆ. ‘ಮ್ಯಾಲ ಕುಂತಾವ್ರು ಮೂರು ಮಂದಿ, ಕೆಳಗ ನಿಂತಾವ್ರು ಇಡೀ ಊರು’ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಅಜ್ಜನ ಪ್ರಕಾರ ಚಾವಡಿಯ ವಾಸ್ತು ಅಷ್ಟೇ.

ಇದರ ಉಲ್ಟಾ ಕಥೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ರಂಗನಾಥ ಗುಡಿಯ ಎದುರು ಗಗನ್ ಮಹಲ್ ಇದೆ. ಕಮಾನು, ಹೊರಚಾಚಿದ ಮಾಡಗಳಿರುವ, ಗಾರೆಯಲ್ಲಿ ಕಟ್ಟಿದ ಹಳೆಯ ಅರಮನೆ. ಒಂದು ಕಾಲಕ್ಕೆ ಅಲ್ಲಿ ಗ್ರಾಮ ಪಂಚಾಯಿತಿ ಕಚೇರಿ ನಡೆಯಿತು. ಸ್ಮಾರಕಕ್ಕೆ ಅದು ಒಳ್ಳೆಯದೋ ಕೆಟ್ಟದ್ದೋ ತಜ್ಞರು ಹೇಳಲಿ. ಅರಮನೆಯ ಬಾಗಿಲಿಗೆ ಪಹಣಿ, ಪಡಿತರ ಎನ್ನುತ್ತ ಜನ ಹೋಗಿ ಬರುವುದನ್ನು ಊಹಿಸಿಕೊಂಡರೆ ನನಗಂತೂ ಖುಷಿಯಾಗುತ್ತದೆ.

ಈಗ ಕಾಯ್ದೆ ಬೇಲಿ ಕಿತ್ತಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಎರಡು ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಕೋರಂ ಎಷ್ಟೆಂದು ಕೇಳಿದರೆ ಕೋಚಿಂಗ್ ಹುಡುಗರು ನಿದ್ದೆಯಲ್ಲೂ ಹೇಳುತ್ತಾರೆ: ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು. ನಮ್ಮೂರಿನ ಕಳೆದ ಗ್ರಾಮಸಭೆ ಸಮುದಾಯ ಭವನದಲ್ಲಿ ನಡೆಯಿತು. ತಗಡಿನ ಚಾವಣಿ, ಎರಡೇ ಕಿಟಕಿ, ವೇದಿಕೆಯ ಮೇಲೆ ಬಟ್ಟೆ ಹೊದಿಸಿದ ಟೇಬಲ್, ಅದರ ಹಿಂದೆ ಕೈಯಿರುವ ಕುರ್ಚಿಗಳು. ಕೆಳಗೆ ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ. ಸ್ತ್ರೀಶಕ್ತಿ ಸಂಘದ ಹೆಂಗಸರು ಬಾಗಿಲ ಹತ್ತಿರ ಜಮಖಾನೆಯ ಮೇಲೆ ಕುಳಿತಿದ್ದರು. ಬೋರ್‌ವೆಲ್ ಬಗ್ಗೆ ಅವರಲ್ಲೊಬ್ಬ ಅಕ್ಕ ಎದ್ದು ಕೇಳಿದ ಪ್ರಶ್ನೆ ವೇದಿಕೆಗೆ ತಲುಪಲಿಲ್ಲ. ಫ್ಯಾನಿನ ಸದ್ದು ಅಷ್ಟಿತ್ತು. ಆಕೆ ಎರಡನೇ ಸಲ ಕೇಳಿದರು, ಮೂರನೇ ಸಲ ವೇದಿಕೆಯ ಹತ್ತಿರವೇ ಹೋಗಿ ನಿಂತು ಕೇಳಿದರು. ಆಗ ಅದನ್ನು ಠರಾವು ಪುಸ್ತಕದಲ್ಲಿ ಬರೆದುಕೊಂಡರು.