ಜರ್ಮನ್ ಷೆಪರ್ಡ್: ಕುರಿ ಕಾಯುವ ನಾಯಿ

ನಾಯಿಯ ವಿಷಯದಲ್ಲಿ ನಮ್ಮ ನಡೆನುಡಿ ವಿಚಿತ್ರವಾದುದು. ಒಬ್ಬನನ್ನು ಬೈಯಬೇಕಾದರೂ ಅದರ ಹೆಸರೇ ಬೇಕು; ಇನ್ನೊಬ್ಬನ ನಿಯತ್ತನ್ನು ಹೊಗಳಬೇಕಾದರೂ ಅದರ ಹೆಸರೇ ಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ಶಿಲಾಶಾಸನವೊಂದು ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದುದನ್ನು ಹೇಳುತ್ತದೆ. ಆ ಕಲ್ಲು ನೆನೆಯುವುದು ನಾಯಿಯ ಮೈಬಣ್ಣವನ್ನಲ್ಲ, ಅದು ಮಾಡಿದ ಕೆಲಸವನ್ನು. ನಮ್ಮ ಪಟ್ಟಣಗಳಲ್ಲಿ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕದ ಹಿಂದೆ ಸರಪಳಿಯಲ್ಲಿ ನಿಂತಿರುವ ಜರ್ಮನ್ ಷೆಪರ್ಡನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಏಕೆಂದರೆ ಈ ತಳಿಯೂ ಕೆಲಸಕ್ಕಾಗಿಯೇ ರೂಪುಗೊಂಡದ್ದು.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಕುರಿನಾಯಿಗಳು ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯವಾಗಿದ್ದವು. ಇವುಗಳಿಂದ ಒಂದು ಸ್ಥಿರವಾದ ತಳಿಯನ್ನು ರೂಪಿಸಬೇಕೆಂದು ಹಂಬಲಿಸಿದವನು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಅಧಿಕಾರಿ. 1899ರ ಏಪ್ರಿಲಿನಲ್ಲಿ ಕಾರ್ಲ್ಸ್‌ರೂಹೆ ನಗರದ ನಾಯಿಗಳ ಪ್ರದರ್ಶನದಲ್ಲಿ ಅವನು ಹೆಕ್ಟರ್ ಎಂಬ ನಾಯಿಯನ್ನು ಕಂಡು, ಮೆಚ್ಚಿ, ಕೊಂಡು, ಹೊರಾಂಡ್ ಎಂದು ಹೆಸರಿಟ್ಟನು. ಅದೇ ತಿಂಗಳು ಈ ತಳಿಗಾಗಿ ಸಂಘವೊಂದು ಹುಟ್ಟಿತು. ಅದರ ವಂಶಾವಳಿಯ ಪುಸ್ತಕದಲ್ಲಿ ಮೊದಲನೆಯ ಅಂಕ ಹೊರಾಂಡನದೇ. ಉಪಯುಕ್ತತೆ ಮತ್ತು ಬುದ್ಧಿ ಮೊದಲು, ಅಂದ ಆಮೇಲೆ ಎಂಬುದು ಸ್ಟೆಫಾನಿಟ್ಸನ ನಿಲುವಾಗಿತ್ತು.

ಆ ಕೆಲಸ ಯಾವುದು? ಬೇಲಿಯಿಲ್ಲದ ಬಯಲಿನಲ್ಲಿ ಎರಡು ಪೈರಿನ ಹೊಲಗಳ ನಡುವಣ ಕಿರಿದಾದ ಹುಲ್ಲಿನ ಪಟ್ಟಿಯಲ್ಲಿ ನೂರಾರು ಕುರಿಗಳು ಮೇಯಬೇಕು. ಒಂದೂ ಪೈರಿಗೆ ಬಾಯಿ ಹಾಕಬಾರದು. ನಾಯಿಯು ಬದುವಿನ ಗುಂಟ ಬೆಳಗಿನಿಂದ ಸಂಜೆಯವರೆಗೆ ಆ ತುದಿಯಿಂದ ಈ ತುದಿಗೆ ಓಡಾಡುತ್ತ ತಾನೇ ಬೇಲಿಯಾಗುತ್ತದೆ. ಗೆರೆ ದಾಟಿದ ಕುರಿಯನ್ನು ಗಾಯವಾಗದಂತೆ ಹಿಡಿದು ಹಿಂದಕ್ಕೆ ಅಟ್ಟುತ್ತದೆ. ಕುರುಬನು ದೂರದಲ್ಲಿದ್ದರೆ ತಾನೇ ಆಲೋಚಿಸಿ ನಿರ್ಧರಿಸಬೇಕು. ಅವನು ಕೂಗಿದೊಡನೆ ವಿಧೇಯವಾಗಬೇಕು. ದಣಿವರಿಯದ ಕಾಲು, ಗಡಿಯ ಮೇಲೆ ಎಡೆಬಿಡದ ಕಣ್ಣು, ಹೊಸಬರ ಬಗೆಗೆ ಸಂಶಯ, ಒಡೆಯನಲ್ಲಿ ಗಾಢವಾದ ಪ್ರೀತಿ, ಈ ನಾಯಿಯ ಸ್ವಭಾವವೆಲ್ಲ ಆ ಬದುವಿನ ಮೇಲೆಯೇ ರೂಪುಗೊಂಡಿತು.

ಕುರಿಮಂದೆಗಳು ಕಡಿಮೆಯಾಗುತ್ತ ಬಂದಾಗ ಸ್ಟೆಫಾನಿಟ್ಸನು ತನ್ನ ನಾಯಿಗಳಿಗೆ ಪೊಲೀಸರಲ್ಲಿಯೂ ಸೈನ್ಯದಲ್ಲಿಯೂ ಉದ್ಯೋಗ ಹುಡುಕಿದನು. ಮೊದಲನೆಯ ಮಹಾಯುದ್ಧದಲ್ಲಿ ಅವು ಸಂದೇಶಗಳನ್ನು ಒಯ್ದವು, ಗಾಯಾಳುಗಳನ್ನು ಹುಡುಕಿದವು. 1916ರಲ್ಲಿ ಓಲ್ಡೆನ್‌ಬುರ್ಗಿನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಿಸಲು ನಾಯಿಗಳನ್ನು ಪಳಗಿಸುವ ಶಾಲೆ ಆರಂಭವಾಯಿತು. ಯುದ್ಧಕಾಲದ ದ್ವೇಷದಿಂದ 'ಜರ್ಮನ್' ಎಂಬ ಮಾತು ಇಂಗ್ಲೆಂಡಿನಲ್ಲಿ ರುಚಿಸದೆ, ಈ ನಾಯಿ ಅಲ್ಲಿ 'ಆಲ್ಸೇಷಿಯನ್' ಆಯಿತು. 1977ರಲ್ಲಿ ಹಳೆಯ ಹೆಸರು ಅಲ್ಲಿ ಮರಳಿ ಬಂದರೂ ನಮ್ಮಲ್ಲಿ ಇನ್ನೂ ಆಲ್ಸೇಷಿಯನ್ ಎನ್ನುವವರುಂಟು.

ಈಗ ಸ್ವಂತ ಅನುಭವವೊಂದನ್ನು ಹೇಳಬೇಕು. ನಮ್ಮ ಮನೆಯಲ್ಲಿಯೂ ಇಂಥದೊಂದು ನಾಯಿಯನ್ನು ಮರಿಯಾಗಿದ್ದಾಗಲೇ ತಂದು, ಹಗಲಿರುಳೂ ಕಟ್ಟಿ ಸಾಕಿದೆವು. ಕಟ್ಟಿದಷ್ಟೂ ಅದು ಚುರುಕಾಗಿ ಕಾಯುತ್ತದೆಂಬುದು ನಮ್ಮ ನಂಬಿಕೆ. ಮೂರನೆಯ ವರ್ಷ ಒಂದು ಬೆಳಿಗ್ಗೆ ಸರಪಳಿ ಕಳಚಿಕೊಂಡು, ಹಾಲು ತರುವ ಹುಡುಗನ ಮೊಣಕೈ ಹಿಡಿಯಿತು. ಹುಡುಗನಿಗೆ ಚುಚ್ಚುಮದ್ದು ಕೊಡಿಸಿದೆವು. ಬೇಲಿಯೇ ಎದ್ದು ಹೊಲ ಮೇಯಿತೆಂದು ಬೀದಿಯವರು ಆಡಿಕೊಂಡರು. ನಾಯಿಯನ್ನು ಎಲ್ಲಿಯಾದರೂ ಬಿಟ್ಟುಬರಬೇಕೆಂದು ತಂದೆಯವರು ನಿಶ್ಚಯಿಸಿದರು. ಕೊನೆಯದಾಗಿ ನೋಡಿದ ಪಶುವೈದ್ಯರು, "ಇದಕ್ಕೆ ರೋಗವಿಲ್ಲ, ಕೆಲಸವಿಲ್ಲ" ಎಂದರು. ಅಂದಿನಿಂದ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅದನ್ನು ನಡೆಸುವುದು, ಕೂರು, ನಿಲ್ಲು, ತಾ ಎಂದು ಕಲಿಸುವುದು ನನ್ನ ಪಾಲಿಗೆ ಬಂದಿತು. ಕೆಲವು ತಿಂಗಳಲ್ಲಿ ಅದರ ಬೊಗಳಾಟ ಅರ್ಧಕ್ಕಿಳಿಯಿತು. ಅದು ಸಾಧುವಾಯಿತೆಂದು ಹೇಳಲಾರೆ. ಹಾಲಿನ ಹುಡುಗ ಬರುವ ಹೊತ್ತಿಗೆ ಈಗಲೂ ಹಿತ್ತಲ ಬಾಗಿಲು ಹಾಕುತ್ತೇವೆ. ಆದರೆ ತಪ್ಪು ಯಾರದೆಂಬುದು ನಮಗೆ ತಿಳಿದಿದೆ.

ಸಾಕಬಯಸುವವರು ಗಮನಿಸಬೇಕಾದ ಸಂಗತಿಗಳು ಹಲವು. ಬೆಳೆದ ಗಂಡು ನಾಯಿ ಭುಜದವರೆಗೆ 60ರಿಂದ 65 ಸೆಂಟಿಮೀಟರ್ ಎತ್ತರ, 30ರಿಂದ 40 ಕಿಲೋಗ್ರಾಂ ತೂಕವಿರುತ್ತದೆ. ಹೆಣ್ಣು ತುಸು ಚಿಕ್ಕದು. ಇಷ್ಟು ದೊಡ್ಡ ಪ್ರಾಣಿಗೆ ಎಳವೆಯಲ್ಲಿಯೇ ಮಕ್ಕಳು, ಅತಿಥಿಗಳು, ಗಾಡಿಗಳ ಸದ್ದು ಎಲ್ಲವನ್ನೂ ಪರಿಚಯ ಮಾಡಿಸಬೇಕು. ಹೊಡೆದು ಕಲಿಸಿದರೆ ಕಲಿಯುವುದು ಭಯವನ್ನು ಮಾತ್ರ. ಸೊಂಟದ ಕೀಲು ಸರಿಯಾಗಿ ಕೂಡದಿರುವುದು ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುವ ದೋಷ. ಆದುದರಿಂದ ಮರಿಯನ್ನು ಕೊಳ್ಳುವಾಗ ತಂದೆತಾಯಿಗಳ ಕೀಲಿನ ಎಕ್ಸ್-ರೇ ಆಗಿದೆಯೇ ಎಂದು ಕೇಳಬೇಕು. ಮರಿ ಬೇಗ ಬೆಳೆಯಲೆಂದು ಅತಿಯಾಗಿ ತಿನ್ನಿಸುವುದೂ, ವೈದ್ಯರನ್ನು ಕೇಳದೆ ಸುಣ್ಣದಂಶದ ಮಾತ್ರೆ ಕೊಡುವುದೂ ಕೀಲಿಗೆ ಕೆಡುಕು. ದೊಡ್ಡ ನಾಯಿಗೆ ಊಟವನ್ನು ಎರಡು ಹೊತ್ತಿಗೆ ಹಂಚಿ ಕೊಡಬೇಕು. ಉಂಡ ಕೂಡಲೇ ಓಡಿಸಿದರೆ ಹೊಟ್ಟೆಯುಬ್ಬರ ಬಂದು ಪ್ರಾಣಕ್ಕೇ ಅಪಾಯವಾದೀತು. ಮೈಮೇಲಿನದು ಎರಡು ಪದರದ ಕೂದಲು. ಸೆಕೆಯೆಂದು ಬೋಳಿಸಬಾರದು, ಬಾಚಬೇಕು. ನಮ್ಮ ಬೇಸಗೆಯಲ್ಲಿ ಬಿಸಿಲೇರುವ ಮುನ್ನವೇ ನಡಿಗೆ ಮುಗಿಸಿ, ನೆರಳೂ ನೀರೂ ಸದಾ ಇರುವಂತೆ ನೋಡಿಕೊಳ್ಳಬೇಕು. ಉಣ್ಣೆ ಹುಳುಗಳನ್ನು ಬಿಡಿಸುವುದು, ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸುವುದು ಮನೆಯವರ ಕ್ಷೇಮಕ್ಕೂ ಅವಶ್ಯಕ.

ಇವೆಲ್ಲಕ್ಕಿಂತ ಮುಖ್ಯವಾದುದು ಹೊತ್ತು. ದಿನಕ್ಕೆ ಎರಡು ಗಂಟೆಯನ್ನು ಕೊಡಲಾರದವರು ಈ ನಾಯಿಯನ್ನು ತರದಿರುವುದೇ ಮೇಲು. ನಮ್ಮ ಅಂಗಳದಲ್ಲಿ ಕುರಿಯಿಲ್ಲ, ಬದುವಿಲ್ಲ, ನಿಜ. ಆದರೆ ಬೆಳಗಿನ ಜಾವ ಹಗ್ಗ ಕೈಗೆ ತೆಗೆದುಕೊಂಡೊಡನೆ ಅದು ಕಿವಿ ನಿಮಿರಿಸಿ ಬಾಗಿಲ ಬಳಿ ನಿಲ್ಲುವ ರೀತಿಯನ್ನು ನೋಡಿದವರಿಗೆ, ಅದು ಇಷ್ಟು ವರ್ಷ ಏನನ್ನು ಕಾಯುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.