ಬೀಗ ಹಾಕಬೇಕಾದದ್ದು ಮೊಬೈಲಿಗಷ್ಟೇ ಅಲ್ಲ

ಯರಗಟ್ಟಿಯ ಪರಿಚಿತರೊಬ್ಬರು ಒಂಬತ್ತನೇ ತರಗತಿಯ ಮಗನ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಅಂಕಗಳು ಮಾತ್ರ ಏರಿಲ್ಲ. ಬಾಲಕನಿಗೆ ಗಮನ ಕೊರತೆಯ ತೊಂದರೆಯಿದೆ. ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಇಂಥವರಿಗೆ ದೀರ್ಘ ಪಾಠದಲ್ಲಿ ಮನಸ್ಸು ನಿಲ್ಲದು. ಕ್ಷಣಕ್ಷಣಕ್ಕೂ ಹೊಸತನ್ನು ತೋರುವ ಪರದೆ ಸುಲಭವಾಗಿ ಹಿಡಿದಿಡುತ್ತದೆ. ತರಗತಿಯಲ್ಲಿ ಬೈಗುಳ, ರಾತ್ರಿ ಪರದೆಯ ಆಶ್ರಯ, ನಿದ್ದೆಗೆಟ್ಟು ಮರುದಿನ ಮತ್ತೆ ಬೈಗುಳ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗಾಗಿ ‘ಶಟ್’ ಚಿಕಿತ್ಸಾಲಯ ತೆರೆಯಿತು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416 ಉಚಿತ.

ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನು ಹೆಸರಿಸಿದೆ, ಎಡಿಎಚ್‌ಡಿಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಸರಕಾರ ಇದನ್ನು ಸರಿಪಡಿಸಲಿ. ಅಲ್ಲಿಯವರೆಗೆ ಶಿಕ್ಷಕರೂ ಪಾಲಕರೂ ‘ಸೋಮಾರಿ’ ಎಂಬ ಮಾತಿಗಾದರೂ ಬೀಗ ಹಾಕಲಿ.