ಇಂಗ್ಲಿಷರ ಪಟ್ಟಣ, ಕಾಡಂಚಿನ ಹಳ್ಳಿ: ಧಾರವಾಡ ಸೀಮೆಯ ಸ್ಥಳೀಯ ನೆನಪುಗಳು ಮತ್ತು ಇತಿಹಾಸದ ನೋಟ

ಧಾರವಾಡವು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ನೆಲೆಯಲ್ಲಿದೆ. ಊರಿನಿಂದ ಪೂರ್ವಕ್ಕೆ ಹೊರಟವನಿಗೆ ಎರೆಭೂಮಿ, ಜೋಳ ಮತ್ತು ಹತ್ತಿ ಎದುರಾಗುತ್ತವೆ. ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳ, ಕಲಘಟಗಿಗಳ ಕಡೆಗೆ ನಡೆದವನಿಗೆ ಕೆಮ್ಮಣ್ಣು, ಭತ್ತದ ಗದ್ದೆ, ಸಾಗವಾನಿಯ ಕಾಡು ಎದುರಾಗುತ್ತವೆ. 'ದ್ವಾರವಾಟ' ಎಂಬ ಶಬ್ದದಿಂದ ಊರಿನ ಹೆಸರನ್ನು ಬಿಡಿಸಿ, ಇದು ಮಲೆನಾಡಿನ ಹೆಬ್ಬಾಗಿಲೆಂದು ವಿದ್ವಾಂಸರು ವಿವರಿಸುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಾಗಿಲಿನ ಒಂದು ಮಗ್ಗುಲಲ್ಲಿ ಇಂಗ್ಲಿಷರ ಆಡಳಿತದ ಪಟ್ಟಣವು ಬೆಳೆಯಿತು. ಇನ್ನೊಂದು ಮಗ್ಗುಲಲ್ಲಿ ಕಾಡಂಚಿನ ಹಳ್ಳಿಗಳು ಉಳಿದವು. ಪಟ್ಟಣದ ಚರಿತ್ರೆಗೆ ಕಾಗದಪತ್ರಗಳ ಆಧಾರ ಹೇರಳವಾಗಿದೆ. ಹಳ್ಳಿಗಳ ಚರಿತ್ರೆಯಾದರೋ ಬಹುಪಾಲು ಜನರ ನೆನಪಿನಲ್ಲಿದೆ. ಇವೆರಡರ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧಾರರಾವನ ಕಥೆ

ಬೊಂಬಾಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯ ಇಪ್ಪತ್ತೆರಡನೆಯ ಸಂಪುಟವು ಧಾರವಾಡ ಜಿಲ್ಲೆಗೆ ಮೀಸಲಾದುದು. ಜೇಮ್ಸ್ ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ ಅದು 1884ರಲ್ಲಿ ಪ್ರಕಟವಾಯಿತು. ಧಾರವಾಡದ ಕೋಟೆಯ ಹುಟ್ಟನ್ನು ಕುರಿತು ಸ್ಥಳೀಯರು ಹೇಳುತ್ತಿದ್ದ ಕಥೆಯೊಂದು ಅದರಲ್ಲಿ ದಾಖಲಾಗಿದೆ. ಆನೆಗೊಂದಿಯ ರಾಮರಾಜನ ಕೈಕೆಳಗೆ ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಧಾರರಾವ್ ಎಂಬುವನು 1403ರಲ್ಲಿ ಈ ಕೋಟೆಯನ್ನು ಕಟ್ಟಿಸಿದನು. ಅವನ ಹೆಸರೇ ಊರಿಗೆ ಬಂದಿತು ಎಂಬುದು ಆ ಕಥೆಯ ಸಾರ.

ಇತಿಹಾಸದ ಒರೆಗಲ್ಲಿಗೆ ಹಚ್ಚಿದರೆ ಈ ಕಥೆ ನಿಲ್ಲುವುದಿಲ್ಲ. ರಾಮರಾಜನು ಹದಿನಾರನೆಯ ಶತಮಾನದವನು. 1565ರ ತಾಳಿಕೋಟೆಯ ಯುದ್ಧದಲ್ಲಿ ಮಡಿದವನು. 1403ನೆಯ ಇಸವಿಗೂ ಅವನ ಮರಣಕ್ಕೂ ಒಂದೂವರೆ ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಅಲ್ಲದೆ, ಧಾರವಾಡದ ಹೆಸರು ಹನ್ನೆರಡನೆಯ ಶತಮಾನದ ಶಾಸನದಲ್ಲಿಯೇ ಬರುವುದರಿಂದ, ಊರಿಗೆ ಹೆಸರು ಕೊಡಲು ಧಾರರಾವನು ಹುಟ್ಟಿಬರಬೇಕಾದ ಅಗತ್ಯವೂ ಇರಲಿಲ್ಲ.

ಆದರೆ ಕಥೆಯನ್ನು ಇಲ್ಲಿಗೇ ಕೈಬಿಡುವುದು ಸರಿಯಲ್ಲ. ಅದರಲ್ಲಿ ಎರಡು ಪದರಗಳಿವೆ. ಧಾರವಾಡದ ಒಡೆತನಕ್ಕೂ ಕಾಡಿನ ಒಡೆತನಕ್ಕೂ ನಂಟಿದೆ, ಕೋಟೆಯನ್ನು ಕಟ್ಟಿದವನು ಕಾಡಿನ ಮೇಲೆ ಅಧಿಕಾರ ಹೊಂದಿದವನು ಎಂಬ ತಿಳಿವಳಿಕೆ ಮೊದಲನೆಯ ಪದರ. ಇದು ಹಳೆಯದಾಗಿರಬಹುದು, ಊರಿನ ನೆಲೆಗೆ ಒಪ್ಪುವಂಥದು. 'ಅರಣ್ಯ ಇಲಾಖೆ' ಎಂಬ ಮಾತು ಎರಡನೆಯ ಪದರ. ವಿಜಯನಗರದ ಕಾಲಕ್ಕೆ ಸಲ್ಲದ ಈ ಪರಿಭಾಷೆ ಹತ್ತೊಂಬತ್ತನೆಯ ಶತಮಾನದ ಕಚೇರಿಗೆ ಸಲ್ಲುವಂಥದು. ಬೊಂಬಾಯಿ ಪ್ರಾಂತದಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾದದ್ದು 1847ರಲ್ಲಿ. ಊರವರು ಹೇಳಿದ್ದನ್ನು ಬರೆದುಕೊಂಡವರು ತಮ್ಮ ಕಾಲದ ಸಂಸ್ಥೆಯನ್ನು ಹಿಂದಿನ ಕಾಲಕ್ಕೆ ತೊಡಿಸಿದ್ದಾರೆ. ಹೀಗೆ ಗ್ಯಾಸೆಟಿಯರಿನಲ್ಲಿ ಸಿಗುವ 'ಸ್ಥಳೀಯ ನೆನಪು' ಎಂಬುದು ಹೇಳಿದವನ ಬಾಯಿ ಮತ್ತು ಬರೆದವನ ಲೇಖನಿ ಇವೆರಡರ ಕೂಡುಫಲವೆಂಬುದನ್ನು ಸಂಶೋಧಕನು ಮರೆಯುವಂತಿಲ್ಲ.

ಇಂಗ್ಲಿಷರ ಕಣ್ಣಿನ ಧಾರವಾಡ

ಧಾರವಾಡವನ್ನು ಇಂಗ್ಲಿಷರು ಮೊದಲು ವಿಸ್ತಾರವಾಗಿ ಬಣ್ಣಿಸಿದ್ದು ಒಂದು ಮುತ್ತಿಗೆಯ ಸಂದರ್ಭದಲ್ಲಿ. 1790–91ರಲ್ಲಿ ಪರಶುರಾಮಭಾವು ಪಟವರ್ಧನನ ಮರಾಠಾ ಸೈನ್ಯವು ಕ್ಯಾಪ್ಟನ್ ಲಿಟಲ್‌ನ ತುಕಡಿಯ ನೆರವಿನಿಂದ ಕೋಟೆಯನ್ನು ಮುತ್ತಿತು. ಟಿಪ್ಪು ಸುಲ್ತಾನನ ಪರವಾಗಿ ಬದ್ರುಜ್ಜಮಾನ್ ಖಾನನು ತಿಂಗಳುಗಟ್ಟಲೆ ಕಾದಾಡಿ, 1791ರ ಏಪ್ರಿಲ್‌ನಲ್ಲಿ ಕೋಟೆಯನ್ನು ಒಪ್ಪಿಸಿದನು. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ ಬರೆದ ವೃತ್ತಾಂತವು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತೋಪು, ಕಂದಕ, ಕೋಟೆಯ ಗೋಡೆಗಳೇ ಆ ನೋಟದ ಕೇಂದ್ರ. ಅದೇ ವರ್ಷಗಳನ್ನು ಈ ಸೀಮೆಯ ಜನ ನೆನಪಿಟ್ಟದ್ದು ಬೇರೊಂದು ಕಾರಣದಿಂದ. 1791–92ರಲ್ಲಿ ಬಿದ್ದ ಘೋರ ಕ್ಷಾಮವು 'ಡೋಗಿ ಬರ', ಅಂದರೆ ತಲೆಬುರುಡೆಗಳ ಬರ, ಎಂದು ಅವರ ಬಾಯಲ್ಲಿ ಉಳಿಯಿತು. ಒಂದೇ ಕಾಲಾವಧಿಯನ್ನು ಸೈನಿಕನು ಗೆಲುವಿನ ಲೆಕ್ಕದಿಂದ ಗುರುತಿಸಿದರೆ, ರೈತನು ಸತ್ತವರ ಲೆಕ್ಕದಿಂದ ಗುರುತಿಸಿದನು.

1817ರಲ್ಲಿ ಥಾಮಸ್ ಮನ್ರೋ ಧಾರವಾಡವನ್ನು ವಶಪಡಿಸಿಕೊಂಡ ನಂತರ ಇದು ದಕ್ಷಿಣ ಮರಾಠಾ ಸೀಮೆಯ ಆಡಳಿತದ ನೆಲೆಯಾಯಿತು. ಕೋಟೆ ಮತ್ತು ಪೇಟೆಗಳಿಂದ ತುಸು ದೂರದಲ್ಲಿ ದಂಡಿನ ನೆಲೆ, ಬಂಗಲೆ, ಕಚೇರಿ, ಇಗರ್ಜಿ, ಸ್ಮಶಾನಗಳುಳ್ಳ ಹೊಸ ವಸತಿಯೊಂದು ರೂಪುಗೊಂಡಿತು. 1837ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. ಇವರು ಜರ್ಮನ್ ಮತ್ತು ಸ್ವಿಸ್ ಮೂಲದವರಾದರೂ ಜನರ ದೃಷ್ಟಿಯಲ್ಲಿ ಸಾಹೇಬರ ಗುಂಪಿಗೇ ಸೇರಿಹೋದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿ ಧಾರವಾಡದಲ್ಲಿಯೂ ಕಾರ್ಯಾಗಾರ ಹುಬ್ಬಳ್ಳಿಯಲ್ಲಿಯೂ ನೆಲೆಗೊಂಡವು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ವಿಲೀನವಾಗಿ ಪ್ರಧಾನ ಕಚೇರಿ ಮದ್ರಾಸಿಗೆ ಹೋಯಿತು. ತೆರವಾದ ಆ ಭವ್ಯ ಕಟ್ಟಡವೇ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ನೆಲೆಯಾಯಿತು. ಇಂದು ಆ ಕಟ್ಟಡವನ್ನು ರೈಲು ಕಚೇರಿಯೆಂದು ಯಾರೂ ಕರೆಯುವುದಿಲ್ಲ. ಅಲ್ಲಿ ಕಲಿತವರ, ಕಲಿಸಿದವರ ನೆನಪು ಕಟ್ಟಿದವರ ನೆನಪನ್ನು ಹಿಂದಕ್ಕೆ ಸರಿಸಿದೆ. ಪಟ್ಟಣದ ಇಂಗ್ಲಿಷ್ ಕುರುಹುಗಳು ಹೀಗೆ ಕನ್ನಡದ ಉಪಯೋಗಕ್ಕೆ ಒದಗಿ ಮರುಹುಟ್ಟು ಪಡೆದಿವೆ.

ಸ್ಮಾರಕ ಮತ್ತು ಲಾವಣಿ

ನೆನಪಿನ ಎರಡು ಬಗೆಗಳು ನೇರವಾಗಿ ಎದುರುಬದುರಾಗುವುದು ಕಿತ್ತೂರಿನ ಪ್ರಕರಣದಲ್ಲಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಇವನು ಚಿಕ್ಕಪ್ಪ. ಅವನ ಹೆಸರಿನ ಸ್ಮಾರಕವು ಧಾರವಾಡದಲ್ಲಿದೆ. ಅವನ ಸಹಾಯಕನಾಗಿದ್ದ ವಾಲ್ಟರ್ ಎಲಿಯಟ್ ಕಿತ್ತೂರಿನಲ್ಲಿ ಕೆಲವು ವಾರ ಸೆರೆಯಲ್ಲಿದ್ದು, ಬಿಡುಗಡೆಗೊಂಡ ಮೇಲೆ ಇದೇ ಸೀಮೆಯಲ್ಲಿ ಸೇವೆ ಸಲ್ಲಿಸುತ್ತ ನೂರಾರು ಶಾಸನಗಳನ್ನು ಪ್ರತಿಮಾಡಿಸಿದನು. ಕರ್ನಾಟಕದ ಶಾಸನಾಧ್ಯಯನದ ಆರಂಭಿಕ ಹೆಜ್ಜೆಗಳಲ್ಲಿ ಇದೊಂದು.

ಕಲ್ಲಿನ ಸ್ಮಾರಕವು ಸತ್ತ ಅಧಿಕಾರಿಯ ಹೆಸರನ್ನು ಹೇಳಿದರೆ, ಜನಸ್ಮೃತಿಯು ಗುಂಡು ಹಾರಿಸಿದವನ ಹೆಸರನ್ನು ಉಳಿಸಿಕೊಂಡಿದೆ. ಅಮಟೂರ ಬಾಳಪ್ಪನೆಂಬ ಹೆಸರು ಈ ಸೀಮೆಯ ಮಕ್ಕಳಿಗೂ ಗೊತ್ತು. ಸಂಗೊಳ್ಳಿ ರಾಯಣ್ಣನ ವಿಷಯವೂ ಇಂಥದೇ. 1830ರಲ್ಲಿ ಅವನ ಹೋರಾಟ ನಡೆದದ್ದು ಬೀಡಿ, ಖಾನಾಪುರ, ಹಂಡಿಬಡಗನಾಥಗಳ ಕಾಡಿನಲ್ಲಿ. ಅವನನ್ನು ಗಲ್ಲಿಗೇರಿಸಿದ್ದು 1831ರಲ್ಲಿ, ಕಾಡಂಚಿನ ಊರಾದ ನಂದಗಡದಲ್ಲಿ. ಕಂಪನಿಯ ಕಾಗದಗಳಿಗೆ ಅದು ಬಂಡಾಯ. ನಂದಗಡದಲ್ಲಿ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಗೆಳೆಯನೇ ಆ ಸಸಿಯನ್ನು ನೆಟ್ಟನೆಂಬುದು ಐತಿಹ್ಯ. ರಾಯಣ್ಣನ ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿ ವೀರನಿದ್ದನೆಂದು ಜನ ನೆನೆಯುತ್ತಾರೆ. ಕಾಡಿನಲ್ಲಿ ಬಾಳುವ ಸಮುದಾಯವೊಂದಕ್ಕೆ ನಾಡಿನ ಚರಿತ್ರೆಯೊಳಗೆ ಸ್ಥಾನ ದೊರೆತದ್ದು ಇಂಥ ನೆನಪಿನ ಮೂಲಕವೇ.

ಈ ಸಂದರ್ಭದಲ್ಲಿ ಜೆ. ಎಫ್. ಫ್ಲೀಟ್‌ನ ಕಾರ್ಯವನ್ನು ಸ್ಮರಿಸಬೇಕು. ಬೊಂಬಾಯಿ ಸರಕಾರದ ಅಧಿಕಾರಿಯಾಗಿದ್ದ ಅವನು ಶಾಸನಗಳ ಜೊತೆಗೆ ಲಾವಣಿಗಳನ್ನೂ ಸಂಗ್ರಹಿಸಿ, 1885ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ರಾಯಣ್ಣನ ದಂಗೆ, ಹಲಗಲಿಯ ಬೇಡರ ಪ್ರತಿಭಟನೆ, ಆದಾಯ ತೆರಿಗೆಯ ಹೇರಿಕೆ ಇವು ಅಲ್ಲಿನ ವಸ್ತುಗಳು. ತನ್ನ ಸರಕಾರವನ್ನೇ ಎದುರಿಸಿದವರ ಹಾಡುಗಳನ್ನು ಸರಕಾರಿ ಅಧಿಕಾರಿಯೇ ಬರೆದಿಟ್ಟನು. ಗ್ಯಾಸೆಟಿಯರಿನಲ್ಲಿ ನೆನಪು ಅಧಿಕಾರಿಯ ಮಾತಾಗಿ ಕರಗಿಹೋದರೆ, ಫ್ಲೀಟನ ಸಂಗ್ರಹದಲ್ಲಿ ಅದು ಹಾಡಿದವರ ಕನ್ನಡದಲ್ಲಿಯೇ ಉಳಿದಿದೆ. ಆದುದರಿಂದ ಇವೆರಡೂ ಒಂದೇ ದಶಕದ ವಸಾಹತು ದಾಖಲೆಗಳಾದರೂ ಸಾಕ್ಷ್ಯವಾಗಿ ಸಮಾನವಲ್ಲ.

ಕಾಡಿನ ಹಕ್ಕು: ಇಂಗ್ಲೆಂಡಿನಲ್ಲಿ ಮತ್ತು ಇಲ್ಲಿ

ಈ ಅಧಿಕಾರಿಗಳು ಬಂದ ನಾಡಿನಲ್ಲಿಯೂ ಕಾಡಂಚಿನ ಹಳ್ಳಿಗಳಿದ್ದವು. ಅಲ್ಲಿ 1217ರ ಅರಣ್ಯ ಸನ್ನದು ಅರಸನ ಕಾಡಿನಲ್ಲಿ ದನ ಮೇಯಿಸುವ, ಹಂದಿ ಬಿಡುವ, ಸೌದೆ ತರುವ ಹಕ್ಕುಗಳನ್ನು ಸಾಮಾನ್ಯರಿಗೆ ಮಾನ್ಯಮಾಡಿತ್ತು. ನ್ಯೂ ಫಾರೆಸ್ಟ್ ಪ್ರದೇಶದ ಹಳ್ಳಿಗರು ಇಂದಿಗೂ ಅಂಥ ಮೇವಿನ ಹಕ್ಕುಗಳನ್ನು ಅನುಭವಿಸುತ್ತಿದ್ದಾರೆ. 'ಅನಾದಿಕಾಲದಿಂದ ಬಂದ ರೂಢಿ' ಎಂಬುದಕ್ಕೆ ಇಂಗ್ಲಿಷ್ ಕಾನೂನು ಬೆಲೆ ಕೊಡುತ್ತಿತ್ತು. ಅದರ ದೃಷ್ಟಿಯಲ್ಲಿ ಕಾನೂನುಬದ್ಧ ನೆನಪಿನ ಎಲ್ಲೆ 1189ನೆಯ ಇಸವಿ.

ಭಾರತದಲ್ಲಿ ಮಾತ್ರ ಬೇರೆಯ ನೀತಿ ಗೆದ್ದಿತು. 1870ರ ದಶಕದ ಚರ್ಚೆಯಲ್ಲಿ ಬೇಡನ್-ಪಾವೆಲ್‌ನು ಕಾಡಿನ ಮೇಲೆ ರಾಜ್ಯದ ಪೂರ್ಣ ಒಡೆತನವನ್ನು ಪ್ರತಿಪಾದಿಸಿದನು. ಹಳ್ಳಿಗರ ಬಳಕೆಯು ಬರಿಯ ಸವಲತ್ತೇ ಹೊರತು ಹಕ್ಕಲ್ಲವೆಂಬುದು ಅವನ ವಾದ. ಡೀಟ್ರಿಚ್ ಬ್ರಾಂಡಿಸ್ ಮಧ್ಯಮ ಮಾರ್ಗವನ್ನು ಸೂಚಿಸಿದರೂ, 1878ರ ಅರಣ್ಯ ಕಾಯಿದೆಯಲ್ಲಿ ಮೇಲುಗೈಯಾದದ್ದು ರಾಜ್ಯದ ಒಡೆತನವೇ. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ವರ್ಗಾವಣೆಗೊಂಡಿತ್ತು. ದಾಂಡೇಲಿ, ಹಳಿಯಾಳಗಳ ಸಾಗವಾನಿ ಕಾಡು ಹೀಗೆ ಧಾರವಾಡದ ಕಾಡಿನೊಡನೆ ಒಂದೇ ಪ್ರಾಂತದ ಆಡಳಿತಕ್ಕೆ ಸೇರಿತು. ಕುಮರಿ ಬೇಸಾಯಕ್ಕೆ ನಿರ್ಬಂಧ ಬಂದಿತು. ರೈಲು ಬಂದ ಮೇಲೆ ಮರಮಟ್ಟು ಅಳ್ನಾವರದ ಮೂಲಕ ಸಾಗತೊಡಗಿತು. ಮುಂದೆ ದಾಂಡೇಲಿಗೂ ಕವಲು ಹಳಿ ಹಾಕಲಾಯಿತು. ಪಟ್ಟಣದಲ್ಲಿ ರೈಲಿನ ಕಚೇರಿಗಳು ಏಳುತ್ತಿದ್ದ ಕಾಲದಲ್ಲಿಯೇ ಹಳ್ಳಿಯವನಿಗೆ ಕಾಡಿನ ದಾರಿ ಇಕ್ಕಟ್ಟಾಯಿತು.

ಹಳ್ಳಿಗಳ ನೆನಪು ಸಾಕ್ಷ್ಯವಾಗುವ ಬಗೆ

ಕಲಘಟಗಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡುಗಳಲ್ಲಿ ಎಮ್ಮೆ ಸಾಕುವ ದನಗರ ಗೌಳಿಗರು ಮತ್ತು ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ನೆಲೆಸಿದ್ದಾರೆ. ಇವರ ಚರಿತ್ರೆಯ ಪ್ರಶ್ನೆ ಈಗ ಕೇವಲ ವಿದ್ವತ್ತಿನ ಪ್ರಶ್ನೆಯಾಗಿ ಉಳಿದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ನೆಲೆಸಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೋ ಆ ದಿನಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸವನ್ನು ತೋರಿಸಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು; ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಆ ಮನ್ನಣೆ ದೊರೆತದ್ದು 2020ರಲ್ಲಿ. ಗಡಿಯ ಈಚೆ ಆಚೆ ಇರುವ ಒಂದೇ ಸಮುದಾಯಕ್ಕೆ ಹದಿನೇಳು ವರ್ಷಗಳ ಅಂತರ ಬಿದ್ದದ್ದು ಇಂಗ್ಲಿಷರ ಕಾಲದಿಂದ ಬಂದ ಜಿಲ್ಲಾ ವಿಭಾಗದ ಫಲ. ಗೌಳಿಗರಿಗೆ ಆ ಮನ್ನಣೆ ಇಲ್ಲವಾದ್ದರಿಂದ ಅವರಿಗೆ 1930ರ ಆಚೆಗಿನ ಪುರಾವೆ ಬೇಕು.

ಪುರಾವೆ ಯಾವುದಿರಬಹುದೆಂಬುದನ್ನು 2008ರ ನಿಯಮಗಳು ಹೇಳುತ್ತವೆ. ಗ್ಯಾಸೆಟಿಯರ್, ಜನಗಣತಿ, ಮೋಜಣಿ ವರದಿಗಳಂತಹ ಸರಕಾರಿ ದಾಖಲೆಗಳು ಅಲ್ಲಿವೆ. ಅವುಗಳ ಜೊತೆಯಲ್ಲಿಯೇ ಮನೆ, ಬಾವಿ, ಸ್ಮಶಾನ, ಪವಿತ್ರ ಸ್ಥಳಗಳ ಕುರುಹುಗಳೂ, ಹಕ್ಕು ಕೇಳುವವರಲ್ಲದ ಇತರ ಹಿರಿಯರ ಹೇಳಿಕೆಗಳನ್ನು ಬರಹಕ್ಕಿಳಿಸಿದ ಪತ್ರಗಳೂ ಸಾಕ್ಷ್ಯವೆಂದು ಎಣಿಕೆಯಾಗಿವೆ. ಇಂಥವುಗಳಲ್ಲಿ ಕನಿಷ್ಠ ಎರಡನ್ನು ಒದಗಿಸಬೇಕು. ಮೇವು ಹುಡುಕುತ್ತ ಎಮ್ಮೆಗಳೊಡನೆ ನೆಲೆ ಬದಲಿಸಿದ ಗೌಳಿಗನ ಹೆಸರನ್ನು ಹಳೆಯ ಕಂದಾಯ ಪುಸ್ತಕದಲ್ಲಿ ಹುಡುಕುವುದು ಕಷ್ಟ. ಏಕೆಂದರೆ ಆ ಪುಸ್ತಕಗಳು ಬರೆದುಕೊಂಡದ್ದು ಸಾಗುವಳಿ ಭೂಮಿಯನ್ನು ಮತ್ತು ಅದಕ್ಕೆ ಕಂದಾಯ ಕೊಟ್ಟವನನ್ನು. ಅಂಥವನ ಪಾಲಿಗೆ ಅಜ್ಜನ ಹೂಳಿದ ಜಾಗ, ಕಾಡಿನೊಳಗಿನ ದೇವರ ಕಲ್ಲು, ನೆರೆಯ ಊರಿನ ಹಿರಿಯನ ಮಾತು ಇವೇ ದಾಖಲೆ.

ಇಲ್ಲಿ ಸಂಶೋಧಕರ ಹೊಣೆ ಎರಡು ಬಗೆಯದು. ಧಾರರಾವನ ಕಥೆ ತೋರಿಸಿಕೊಟ್ಟಂತೆ ನೆನಪನ್ನು ಹಾಗೆಯೇ ಇತಿಹಾಸವೆಂದು ಒಪ್ಪಲಾಗದು. ಹೇಳಿದವರಾರು, ಬರೆದವರಾರು, ಯಾವ ಕಾಲದ ಶಬ್ದ ಎಲ್ಲಿ ಸೇರಿತು ಎಂಬುದನ್ನು ಬಿಡಿಸಿ ನೋಡಬೇಕು. ಹಾಗೆಯೇ ಬರಹದಲ್ಲಿಲ್ಲವೆಂಬ ಕಾರಣಕ್ಕೆ ಹಳ್ಳಿಯೊಂದು ಇರಲೇ ಇಲ್ಲವೆಂದು ತೀರ್ಮಾನಿಸಲೂ ಆಗದು. 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯ ಕಾಲದಿಂದ ಧಾರವಾಡವು ಶಾಸನ, ಹಸ್ತಪ್ರತಿಗಳ ಸಂಗ್ರಹಕ್ಕೆ ಹೆಸರಾಗಿದೆ. ಅದೇ ಶ್ರದ್ಧೆಯಿಂದ ಕಾಡಂಚಿನ ಹಳ್ಳಿಗಳ ಹಿರಿಯರ ಹೇಳಿಕೆಗಳನ್ನು ಅವರ ಮಾತಿನಲ್ಲಿಯೇ, ಹೇಳಿದ ದಿನ ಮತ್ತು ಸ್ಥಳದ ವಿವರದೊಡನೆ ಸಂಗ್ರಹಿಸಬೇಕಾಗಿದೆ. 1930ರ ಕಾಡನ್ನು ಕಣ್ಣಾರೆ ಕಂಡ ತಲೆಮಾರು ಈಗ ತೊಂಬತ್ತು ದಾಟಿದೆ. ಶಾಸನದ ಕಲ್ಲು ಇನ್ನೊಂದು ಶತಮಾನ ಕಾಯಬಲ್ಲದು. ಈ ಹಿರಿಯರಿಗೆ ಅಷ್ಟು ಕಾಲಾವಕಾಶವಿಲ್ಲ.